ಕಂಡಕ್ಟರಜ್ಜಿ ಮತ್ತು ಕಿಟಕಿ ಪಕ್ಕದ ಸೀಟು

ಕಂಡಕ್ಟರಜ್ಜಿಗೆ ಮದುವೆಯಾಗಿರಲಿಲ್ಲ. ಯಾರಾದರೂ ಕೆದಕಿ ಕೇಳಿದರೆ, ಬಸ್ಸಿನ ಜೊತೆ ಆಗಿತ್ತು, ಅದೂ ಗುಜರಿಗೆ ಹೋಯಿತು ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ಡಿಪೋದಲ್ಲಿ ಹೆಂಗಸೆಂದರೆ ಅವಳೊಬ್ಬಳೇ. ವಾರ ತುಂಬುವುದರೊಳಗೆ ಅಳುತ್ತ ಮನೆಗೆ ಹೋಗುತ್ತಾಳೆ ಎಂದು ಡ್ರೈವರುಗಳು ಪಂದ್ಯ ಕಟ್ಟಿದ್ದರಂತೆ. ವಾರ ತುಂಬುವುದರೊಳಗೆ, ಬಾಗಿಲಲ್ಲಿ ನೇತಾಡುವ ಹುಡುಗರು ಅವಳ ಕಣ್ಣು ಬಿದ್ದರೆ ಸಾಕು, ಬಾಲ ಮುದುಡಿಕೊಂಡು ಒಳಗೆ ಸೇರತೊಡಗಿದ್ದರು.

ಅವಳ ದನಿ ದೊಡ್ಡದು. ಸ್ಟಾಪು ಬರುವ ಮೊದಲೇ ಒಮ್ಮೆ ಕೂಗುವಳು, ಬಂದ ಮೇಲೆ ಇನ್ನೊಮ್ಮೆ ಕೂಗುವಳು. ತೂಕಡಿಸುವವರ ಭುಜ ತಟ್ಟಿ ಇಳಿಸುವಳು. ಇಳಿಯುವ ಜಾಗ ತಿಳಿಯದೆ ಅವರಿವರ ಮುಖ ನೋಡುವವರನ್ನು ಕಂಡರೆ ಅವಳಿಗೆ ಸಂಕಟ. ಟಿಕೆಟ್ಟನ್ನು ಯಾರು ಬೇಕಾದರೂ ಹರಿದು ಕೊಡುತ್ತಾರೆ, ಗೊತ್ತಿಲ್ಲದವರಿಗೆ ಕೂಗಿ ಹೇಳುವುದಕ್ಕೆ ತಾನೇ ಕಂಡಕ್ಟರ್ ಇರುವುದು ಎನ್ನುವುದು ಅವಳ ಮಾತು.

ಬಸ್ಸಿನಲ್ಲಿ ಕಂಡಕ್ಟರಿಗೂ ಒಂದು ಸೀಟು ಇರುತ್ತದೆ. ಅವಳು ಅದರಲ್ಲಿ ಕೂತದ್ದು ಅಪರೂಪ. ಯಾವಾಗ ನೋಡಿದರೂ ಒಬ್ಬ ಬಸುರಿಯೋ, ಕೋಲು ಹಿಡಿದ ಮುದುಕನೋ, ಕಂಕುಳಲ್ಲಿ ಕೂಸಿದ್ದವಳೋ ಅಲ್ಲಿ ಇರುತ್ತಿದ್ದರು. ಹೀಗೆ ನಿಂತೇ ಕೂದಲು ನರೆಯಿತು. ಅವಳು ನಿವೃತ್ತಳಾದ ದಿನ ಡಿಪೋದ ಮೆಕ್ಯಾನಿಕ್ಕುಗಳು ಹಳೆಯ ಬಸ್ಸೊಂದರಿಂದ ಇಬ್ಬರು ಕೂರುವ ಸೀಟು ಕಿತ್ತು, ಕಬ್ಬಿಣದ ಕಾಲು ಬೆಸೆದು, ಹಸಿರು ರೆಕ್ಸಿನ್ ಹೊದಿಸಿ ಉಡುಗೊರೆ ಕೊಟ್ಟರು. ಇನ್ನಾದರೂ ಕೂತುಕೊಳ್ಳಿ ಅಕ್ಕ ಎಂದರು. ಜೊತೆಗೆ ಅವಳ ಹಳೆಯ ವಿಶಲ್ಲನ್ನು ಅವಳ ಬಳಿಯೇ ಬಿಟ್ಟರು. ಯಾರಿಗೂ ಅದನ್ನು ವಾಪಸು ಕೇಳುವ ಧೈರ್ಯವಿರಲಿಲ್ಲ ಎಂದೂ ಹೇಳುತ್ತಾರೆ.

ಆ ಸೀಟನ್ನು ಹೊತ್ತುಕೊಂಡೇ ಅವಳು ಶಾಲೆಮನೆಗೆ ಬಂದದ್ದು.

ಶಾಲೆಮನೆ ಎಂದರೆ ಮಕ್ಕಳು ಸಾಲದೆ ಮುಚ್ಚಿಹೋಗಿದ್ದ ಒಂದು ಶಾಲೆ. ಒಂದು ಸಂಸ್ಥೆಯವರು ಆ ಕಟ್ಟಡವನ್ನು ಹಿಡಿದು, ತರಗತಿಗಳ ನಡುವೆ ಗೋಡೆ ಎಬ್ಬಿಸಿ, ಸಣ್ಣ ಸಣ್ಣ ಮನೆ ಮಾಡಿದ್ದರು. ಮೇಲಿನ ಮಹಡಿಯಲ್ಲಿ ಮಕ್ಕಳನ್ನು ದತ್ತು ತೆಗೆದುಕೊಂಡವರು, ಹೆತ್ತವರ ಆಸರೆಯಿಲ್ಲದ ಮಕ್ಕಳನ್ನು ದೊಡ್ಡವರಾಗುವವರೆಗೆ ಮನೆಯಲ್ಲಿಟ್ಟುಕೊಂಡು ಸಾಕುವವರು. ಕೆಳಗಿನ ಸಾಲಿನಲ್ಲಿ ಒಂಟಿ ಹಿರಿಯರು. ಹಿರಿಯರಿಗೆ ಬಾಡಿಗೆ ಕಡಿಮೆ. ಅದಕ್ಕೆ ಬದಲಾಗಿ ಅವರು ವಾರದಲ್ಲಿ ಇಷ್ಟು ಹೊತ್ತು ಎಂದು ಆ ಮಕ್ಕಳಿಗೆ ಕೊಡಬೇಕು: ಪಾಠ ಹೇಳಬಹುದು, ಆಟ ಆಡಿಸಬಹುದು, ಏನೂ ಬಾರದಿದ್ದರೆ ಸುಮ್ಮನೆ ಜೊತೆಗಿರಬಹುದು. ಪ್ರತಿ ಮನೆಯ ಒಂದು ಗೋಡೆಯ ಮೇಲೆ ಹಳೆಯ ಕರಿಹಲಗೆ ಹಾಗೇ ಉಳಿದಿತ್ತು. ಅಜ್ಜಿ ಅದರ ಮೇಲೆ ಹಾಲು, ಸಾಬೂನು ಎಂದು ಬರೆದಿಟ್ಟರೆ, ಮಕ್ಕಳು ಬಂದು ಸಾಬೂನಿಗೆ ಮೀಸೆ ಬರೆದು ಹೋಗುತ್ತಿದ್ದರು.

ಮನೆ ಕೇಳಲು ಹೋದ ದಿನ ಆಫೀಸಿನ ಮೇಡಂ, ನಿಮಗೆ ಮಕ್ಕಳೆಂದರೆ ಇಷ್ಟವೇ ಎಂದು ಕೇಳಿದ್ದರು.

“ಇಷ್ಟ ಅಂತ ಸುಳ್ಳು ಹೇಳಲ್ಲ ಮೇಡಂ,” ಎಂದಳು ಅಜ್ಜಿ. “ಆದ್ರೆ ಇಲ್ಲೀವರ್ಗೂ ಯಾರನ್ನೂ ದಾರೀಲಿ ಬಿಟ್ಟು ಬಂದಿಲ್ಲ.”

ಮೇಡಂ ಬೀಗದ ಕೈ ಕೊಟ್ಟರು.

ಅಜ್ಜಿ ಆರಿಸಿಕೊಂಡ ಕೆಲಸ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದು. ಒಂದು ಉದ್ದ ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿ, ಗಂಟಿಗೊಂದು ಮಗು ಹಿಡಿಸಿ, ಬಸ್ಸನ್ನೇ ಮಾಡಿಬಿಟ್ಟಳು. ಮುಂದಿನ ಮಗು ಡ್ರೈವರು, ಹಿಂದೆ ವಿಶಲ್ ಕಚ್ಚಿಕೊಂಡು ತಾನು. ಒಂದು ಊದಿದರೆ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ನಿಜವಾದ ಬಸ್ಸಿನಲ್ಲೂ ಲೆಕ್ಕ ಇಷ್ಟೇ. ಡ್ರೈವರು ತಿರುಗಿ ನೋಡುವುದಿಲ್ಲ, ಯಾಕೆ ಎಂದು ಕೇಳುವುದಿಲ್ಲ. ಕಿವಿಗೆ ಬಿದ್ದದ್ದು ನೇರವಾಗಿ ಕಾಲಿಗೆ ಹೋಗುತ್ತದೆ. ಮಕ್ಕಳಿಗೂ ಅದು ಹಾಗೇ ರೂಢಿಯಾಯಿತು. ಪಕ್ಕದ ಮನೆಯ ಟೈಲರ್ ತಾತ ಒಮ್ಮೆ ಚಹಾದ ಲೋಟ ಬಾಯಿಗಿಡುವಾಗ ಅವಳು ವಿಶಲ್ ಊದಿದ್ದಕ್ಕೆ, ತಾನೂ ಲೋಟ ಹಿಡಿದು ಹಾಗೇ ನಿಂತುಬಿಟ್ಟೆನೆಂದು ಹೇಳಿಕೊಂಡು ಬಹಳ ದಿನ ಬೈದಿದ್ದ.

ಮೇಲಿನ ಮಹಡಿಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ಅವಳ ಗಂಡನಿಗೆ ಬೇಕರಿಯಲ್ಲಿ ಕೆಲಸ. ಅವರಿಗೆ ದತ್ತು ಬಂದ ಒಬ್ಬ ಚಿಕ್ಕ ಮಗಳು. ಕೇಳಿದ್ದನ್ನೆಲ್ಲ ಕೇಳಿದ ಕೂಡಲೇ ಊರಿಗೆ ಸಾರುವುದರಿಂದ ಅವಳಿಗೆ ರೇಡಿಯೋ ಎಂದೇ ಹೆಸರು. ಅವರ ಮನೆಯಲ್ಲೇ, ಸಾಕಲು ಒಪ್ಪಿಸಿದ್ದ ಒಬ್ಬ ದೊಡ್ಡ ಹುಡುಗಿಯೂ ಇದ್ದಳು. ಇಲ್ಲಿಗೆ ಬರುವ ಮುಂಚೆ ಅವಳು ಎಷ್ಟೋ ಮನೆ ತಿರುಗಿದ್ದಳು. ಓದು ಮುಗಿಸಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜಿಗೆ ಸಾಣೆ ಹಿಡಿಯುವ ಕೆಲಸ ಕಲಿಯುತ್ತಿದ್ದಳು. ಕೆಳಗಿನ ಸಾಲಿನ ಹಿರಿಯರ ಕನ್ನಡಕಗಳ ತಿರುಪು ಬಿಗಿ ಮಾಡಿಕೊಡುವವಳು ಅವಳೇ. ಆದರೆ ಯಾರ ಮನೆಗೆ ಬಂದರೂ ಕೂರುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಒಂದು ಕಾಲು ಹೊರಗೆ ಒಂದು ಕಾಲು ಒಳಗೆ ಇಟ್ಟು, ಪುಟ್ಟ ಸ್ಕ್ರೂಡ್ರೈವರ್ ತಿರುಗಿಸುವಳು. ಅಜ್ಜಿ ಅವಳಿಗೆ ‘ಸ್ಟ್ಯಾಂಡಿಂಗ್’ ಎಂದು ಹೆಸರಿಟ್ಟಳು.

“ಬಾಗಿಲಲ್ಲಿ ನಿಲ್ಲಬಾರದು ಕಣೇ. ಒಳಗೆ ಸೀಟು ಖಾಲಿ ಇದೆ.”

“ಮುಂದಿನ ಸ್ಟಾಪಲ್ಲಿ ಇಳಿಯೋದಿದೆ ಅಜ್ಜಿ.”

ಇದು ಅವರಿಬ್ಬರ ನಿತ್ಯದ ತಮಾಷೆ. ಹುಡುಗಿ ನಗುತ್ತಲೇ ಹೇಳುವಳು, ಅಜ್ಜಿಯೂ ನಗುವಳು. ಅವಳು ಹೋದ ಮೇಲೆ ಆ ಮಾತು ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಅಜ್ಜಿಯನ್ನು ಕಾಡುತ್ತಿತ್ತು. ಏಕೆಂದರೆ ಅದು ಬರೀ ತಮಾಷೆಯಲ್ಲ. ಹುಡುಗಿಗೆ ಹದಿನೆಂಟು ತುಂಬಿದ ದಿನ ಸಾಕುವ ಏರ್ಪಾಡು ಮುಗಿಯುತ್ತದೆ. ಅವಳಿರುವ ಕೋಣೆಗೆ ಇನ್ನೊಂದು ಮಗು ಬರುತ್ತದೆ. ಅಲ್ಲಿಂದಾಚೆ ಅವಳು ಎಲ್ಲಿರುತ್ತಾಳೆ ಎಂದು ಯಾವ ನಿಯಮವೂ ಹೇಳುತ್ತಿರಲಿಲ್ಲ. ಆ ಹುಟ್ಟುಹಬ್ಬ ಹತ್ತಿರ ಬರುತ್ತಿತ್ತು.

ಅಜ್ಜಿ ಒಬ್ಬಳೇ ಕೂತು ಯೋಚಿಸಿದಳು. ತನ್ನ ಮನೆಯಲ್ಲಿ ಕರಿಹಲಗೆಯ ಕೆಳಗೆ ಒಂದು ಮಂಚ ಹಿಡಿಸಬಹುದು. ಬಾ, ನನ್ನ ಜೊತೆ ಇರು ಎಂದು ಕರೆಯಬೇಕು. ಆದರೆ ಬೆಳೆಯುವ ಹುಡುಗಿ ಈ ಮುದಿ ಗೂಬೆಯ ಜೊತೆ ಯಾಕಾದರೂ ಇದ್ದಾಳು? ಒಲ್ಲೆ ಎಂದರೆ ತನಗೆ ನೋವು, ದಾಕ್ಷಿಣ್ಯಕ್ಕೆ ಹೂಂ ಎಂದರೆ ಅವಳಿಗೆ ನೋವು. ಊರಿಗೆಲ್ಲ ಕೇಳುವಂತೆ ಸ್ಟಾಪು ಕೂಗಿದ ಬಾಯಿಗೆ ಈ ಒಂದು ಮಾತು ಬರಲಿಲ್ಲ. ಮೊದಲು ಜಾಗ ಮಾಡಿಬಿಡೋಣ, ಆಮೇಲೆ ಕೇಳಿದರಾಯಿತು ಎಂದುಕೊಂಡು, ಮಂಚದ ಅಳತೆಗೆ ಟೇಪು ಕೇಳಲು ಟೈಲರ್ ತಾತನ ಮನೆಗೆ ಹೋದಳು.

ತಾತ ಬಾಗಿಲನ್ನು ಗೇಣಗಲ ತೆರೆದು, ಟೇಪನ್ನು ಹೊರಗೆ ಚಾಚಿ, ಮತ್ತೆ ಮುಚ್ಚಿದ. ಅವನ ಒಳಮನೆಯಲ್ಲಿ ಹೊಲಿಗೆ ಯಂತ್ರ ಮೂಲೆ ಸೇರಿತ್ತು, ಬಾತುಕೋಳಿ ಚಿತ್ರದ ಹೊಸ ಪರದೆಗಳು ಸಾಲಾಗಿ ತೂಗುತ್ತಿದ್ದವು. ಹುಡುಗಿಗೆ ಆ ಕೋಣೆ ಕೊಟ್ಟು ಹುಟ್ಟುಹಬ್ಬದ ದಿನ ಬೆರಗುಗೊಳಿಸಬೇಕೆಂದು ಅವನ ಹಂಚಿಕೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ. ಮೇಲಿನ ಮಹಡಿಯಲ್ಲಿ ನರ್ಸಮ್ಮ ಮತ್ತು ಅವಳ ಗಂಡ ಬಾಲ್ಕನಿಗೆ ಗಾಜು ಕೂರಿಸಿ ಇನ್ನೊಂದು ಕೋಣೆ ಮಾಡುತ್ತಿದ್ದರು. ಆಫೀಸಿನಿಂದ ಒಪ್ಪಿಗೆ ಬರುವ ಮೊದಲೇ ಆಸೆ ಹುಟ್ಟಿಸಿ, ಆಮೇಲೆ ಆಗದೆ ಹೋದರೆ ಹುಡುಗಿಯ ಮನಸ್ಸು ಮುರಿಯುತ್ತದೆಂದು ಅವರೂ ತುಟಿ ಬಿಚ್ಚಿರಲಿಲ್ಲ.

ಮೂರು ಮನೆಯವರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಕೆಲಸ ಮಾಡುತ್ತಿದ್ದರು. ಎಲ್ಲರಿಗೂ ಬಣ್ಣ ಬೇಕು, ಏಣಿ ಬೇಕು, ಉಗ್ರಾಣದಲ್ಲಿದ್ದ ಅದೇ ಒಂದು ಹಳೆಯ ಮಂಚ ಬೇಕು. ಮೂವರೂ ಬೇರೆ ಬೇರೆ ಹೋಗಿ ಮೇಡಂ ಬಳಿ ಮಂಚ ಕೇಳಿದರು, ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡರು. ಮೇಡಂ ಮೂವರಿಗೂ ಆಗಲಿ ಎಂದು, ಹುಡುಗಿಯ ಅದೃಷ್ಟ ನೋಡು ಎಂದು ಒಳಗೊಳಗೇ ನಗುತ್ತ, ಬಾಯಿಗೆ ಬೀಗ ಹಾಕಿಕೊಂಡರು.

ರೇಡಿಯೋಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಹಂಚಿಕೆಯಾಗುತ್ತಿತ್ತು. ಅವಳಿಗೆ ಸಿಕ್ಕಿದ್ದು ಬಾಗಿಲ ಸಂದಿಯಿಂದ ಕೇಳಿದ ಅರ್ಧ ಸುದ್ದಿ. ಅರ್ಧ ಸುದ್ದಿಯನ್ನೂ ಅವಳು ವ್ಯರ್ಥ ಮಾಡುವವಳಲ್ಲ. ಅಕ್ಕ, ನಿನ್ನ ರೂಮಿಗೆ ಬೇರೆ ಮಗು ಬರುತ್ತಂತೆ, ಅಪ್ಪ ಅಳತೆ ತೆಗೆಯುತ್ತಿದ್ದಾರೆ ಎಂದು ನೇರವಾಗಿ ಹುಡುಗಿಗೇ ಹೇಳಿಬಿಟ್ಟಳು.

ಆಮೇಲೆ ಹುಡುಗಿ ಎಲ್ಲಿ ಹೋದರೂ ಅದೇ ಕಂಡಿತು. ಅವಳು ಅಡುಗೆಮನೆಗೆ ಬಂದರೆ ನರ್ಸಮ್ಮ ಮತ್ತು ಗಂಡ ಮಾತು ನಿಲ್ಲಿಸುವರು. ಟೈಲರ್ ತಾತ ಕನ್ನಡಕವನ್ನು ಕಿಟಕಿಯಿಂದಲೇ ಕೊಟ್ಟು ಕಳಿಸುವನು. ಕಂಡಕ್ಟರಜ್ಜಿಯ ಬಾಗಿಲು ಕೂಡ ಮುಚ್ಚಿತ್ತು. ತಟ್ಟಿದರೆ, ಈಗ ಬೇಡ ಕಣೇ, ಒಳಗೆ ಬಣ್ಣ ಹಸಿ ಇದೆ ಎಂದು ಅಜ್ಜಿ ಹೊರಗೇ ನಿಲ್ಲಿಸಿ ಕಳಿಸಿದಳು. ಸದಾ ಒಳಗೆ ಬಾ ಎನ್ನುತ್ತಿದ್ದವಳು. ಅಂದು ಹುಡುಗಿ ಮುಂದಿನ ಸ್ಟಾಪಿನ ತಮಾಷೆ ಮಾಡಲಿಲ್ಲ, ಅಜ್ಜಿಯೂ ಅದನ್ನು ಗಮನಿಸಲಿಲ್ಲ. ಅವಳ ತಲೆಯಲ್ಲಿ ಮಂಚ ತುಂಬಿಕೊಂಡಿತ್ತು.

ಹುಟ್ಟುಹಬ್ಬದ ಹಿಂದಿನ ದಿನ ಬೆಳಗ್ಗೆ ಅಜ್ಜಿ ಎಂದಿನಂತೆ ಹಗ್ಗದ ಬಸ್ಸು ಹೊರಡಿಸಿದಳು. ಅಂದು ಬಸ್ಸಿಗೆ ಒಬ್ಬ ದೊಡ್ಡ ಪ್ರಯಾಣಿಕನೂ ಇದ್ದ. ಟೈಲರ್ ತಾತ ಪರದೆಗೆ ಉಂಗುರ ತರಲು ಪೇಟೆಗೆ ಹೊರಟವನು, ದಾರಿ ಒಂದೇ ಎಂದು ಜೊತೆಗೆ ನಡೆಯುತ್ತಿದ್ದ. ಸಾಲಿನ ಕೊನೆಯ ಗಂಟು ರೇಡಿಯೋದು. ದೊಡ್ಡ ರಸ್ತೆಯ ಫುಟ್‌ಪಾತಿಗೆ ಬಂದಾಗ ಅವಳು ತನ್ನ ಚೀಲದಿಂದ ಬಣ್ಣದ ಪೆನ್ಸಿಲ್ಲಿನ ಡಬ್ಬಿ ತೆಗೆದು ತೋರಿಸಿದಳು.

“ಅಜ್ಜಿ, ಇದು ಅಕ್ಕಂದು. ನಂಗೇ ಕೊಟ್ಬಿಟ್ಲು. ಬೇರೆ ಊರಿನ ಅಂಗಡಿಗೆ ಹೋಗ್ತಾಳಂತೆ, ಅಲ್ಲೇ ಮೇಲ್ಗಡೆ ರೂಮು ಕೊಡ್ತಾರಂತೆ. ಯಾರಿಗೂ ಹೇಳ್ಬೇಡ ಅಂದಿದಾಳೆ, ಅದಕ್ಕೇ ನಿಮಗೊಬ್ರಿಗೇ ಹೇಳ್ತಿರೋದು.”

ಅಜ್ಜಿ ತಲೆಯೆತ್ತಿದಳು. ಸ್ವಲ್ಪ ಮುಂದೆ ಬಸ್ ಸ್ಟಾಪು. ಅಲ್ಲಿ ನಿಂತಿದ್ದ ಬಸ್ಸಿನ ಬಾಗಿಲಲ್ಲಿ, ಭುಜಕ್ಕೆ ದೊಡ್ಡ ಬ್ಯಾಗು ಹಾಕಿಕೊಂಡು, ಹುಡುಗಿ ಹತ್ತುತ್ತಿದ್ದಳು. ಅಜ್ಜಿ ಕೂಗುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಓಡೋಣವೆಂದರೆ ಮೊಣಕಾಲು ಅವಳ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಕೈ ತಾನಾಗಿಯೇ ವಿಶಲ್ಲನ್ನು ಬಾಯಿಗಿಟ್ಟಿತು. ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಒಂದೇ ಒಂದು ಊದಿದಳು.

ಬಸ್ಸು ನಿಂತಿತು. ಮಕ್ಕಳೂ ನಿಂತರು. ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಯಾಕೆಂದು ತಿಳಿಯದೆ ಕಾಲು ಊರಿದ. ಟೈಲರ್ ತಾತನೂ ಎತ್ತಿದ ಹೆಜ್ಜೆಯನ್ನು ಹಾಗೇ ಹಿಡಿದು ನಿಂತ.

ಬಸ್ಸಿನೊಳಗೆ ಡ್ರೈವರು ತಿರುಗಿ, ಯಾಕಪ್ಪ ನಿಲ್ಲಿಸಿದೆ ಎಂದು ಕೇಳಿದ. ಅಲ್ಲಿನ ಎಳೆಯ ಕಂಡಕ್ಟರು ತನ್ನ ವಿಶಲ್ಲನ್ನು ತೆಗೆದು ತೋರಿಸಿ, ನಾನು ಊದಲೇ ಇಲ್ಲ ಎಂದ. ಅವರ ವಾದ ಮುಗಿಯುವ ಮೊದಲೇ ಅಜ್ಜಿ ಏದುಸಿರು ಬಿಡುತ್ತ ಬಂದು ಮೆಟ್ಟಿಲ ಕಂಬಿ ಹಿಡಿದಿದ್ದಳು. ಹುಡುಗಿ ಬಾಗಿಲ ಹತ್ತಿರವೇ ನಿಂತಿದ್ದಳು. ಬಸ್ಸಿನಲ್ಲಿ ಸೀಟು ಬೇಕಾದಷ್ಟು ಖಾಲಿ ಇತ್ತು.

“ಎಲ್ಲಿಗೆ ಹೊರಟೆ?”

“ಹೇಗೂ ಹೋಗ್ಲೇಬೇಕಲ್ಲ ಅಜ್ಜಿ. ನೀವೆಲ್ಲ ಬಾಯಿಬಿಟ್ಟು ಹೇಳೋ ತನಕ ಯಾಕೆ ಕಾಯಿಸ್ಬೇಕು ಅಂತ.” ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಸುಮಾರು ಮನೆ ನೋಡಿದೀನಿ. ನಾನು ಬಂದ ತಕ್ಷಣ ಮಾತು ನಿಂತ್ರೆ, ಬಾಗಿಲು ಹಾಕ್ಕೊಂಡ್ರೆ, ಹೊರಡೋ ಹೊತ್ತಾಯ್ತು ಅಂತ ಅರ್ಥ. ನನಗೆ ಗೊತ್ತಾಗತ್ತೆ.”

ಆ ಮಾತು ಕೇಳಿ ಅಜ್ಜಿಗೆ ಯಾರೋ ಭುಜ ತಟ್ಟಿ ಎಬ್ಬಿಸಿದಂತಾಯಿತು. ಗುಟ್ಟು, ಮುಚ್ಚಿದ ಬಾಗಿಲು, ಹಸಿ ಬಣ್ಣ: ಅಕ್ಕರೆಯೆಂದು ತಾವು ಮಾಡಿದ್ದೆಲ್ಲ ಈ ಹುಡುಗಿಯ ಅನುಭವದಲ್ಲಿ ಹೊರಗೆ ಹಾಕುವ ಲಕ್ಷಣ. ಅವಳಿಗೆ ಬೇರೆ ಅರ್ಥ ಗೊತ್ತಿದ್ದರೆ ತಾನೇ. ಇಳಿಯುವ ಜಾಗ ತಿಳಿಯದವರಿಗೆ ಕೂಗಿ ಹೇಳುವುದಕ್ಕೇ ಕಂಡಕ್ಟರ್ ಇರುವುದು ಎಂದು ಜನ್ಮವಿಡೀ ಹೇಳಿಕೊಂಡು ಬಂದವಳು, ಹೇಳಲೇಬೇಕಾದ ಕಡೆ ಬಾಯಿಗೆ ಗೋಂದು ಹಚ್ಚಿಕೊಂಡು ಕೂತಿದ್ದಳು.

ಮೆಲ್ಲಗೆ ಮಾತಾಡುವುದು ಅಜ್ಜಿಗೆ ಮೊದಲಿನಿಂದಲೂ ಬಾರದು. ಇದ್ದದ್ದು ಒಂದೇ ದನಿ, ಬಸ್ಸಿನ ದನಿ. ಅದರಲ್ಲೇ ಹೇಳಿದಳು.

“ಕೇಳಿಸ್ಕೋ. ನನ್ನ ಮನೇಲಿ ಬೋರ್ಡಿನ ಕೆಳಗೆ ಒಂದು ಮಂಚದ ಜಾಗ ಮಾಡಿದೀನಿ. ಅದು ನಿನಗೆ. ಪಾಪ ಅಂತ ಕರೀತಿಲ್ಲ, ಕನ್ನಡಕ ರಿಪೇರಿಗೂ ಅಲ್ಲ. ನೀನು ನನ್ನ ಜೊತೆ ಇರ್ಬೇಕು ಅಂತ ನನಗೆ ಆಸೆ. ಒಲ್ಲೆ ಅಂದ್ರೂ ಪರವಾಗಿಲ್ಲ. ಕರೀಲಿಲ್ಲ ಅಂತ ಮಾತ್ರ ಹೋಗ್ಬೇಡ.”

ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಹುಡುಗಿ ಬ್ಯಾಗಿನ ಪಟ್ಟಿಯನ್ನು ಹಿಂಡುತ್ತ ನಿಂತಳು. ಮುಂದಿನ ಸೀಟಿನಲ್ಲಿ ಕೂತಿದ್ದ ಮುದುಕಿಯೊಬ್ಬಳು ತಡೆಯಲಾರದೆ ಬಾಯಿ ಹಾಕಿದಳು.

“ಹೋಗಮ್ಮ ತಾಯಿ. ಹೆತ್ತ ಮಗನೂ ನನ್ನ ಇಷ್ಟು ಗಟ್ಟಿಯಾಗಿ ಕರೆದಿಲ್ಲ.”

ಎಲ್ಲರೂ ನಕ್ಕರು. ಹುಡುಗಿಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಮುಚ್ಚಿಕೊಳ್ಳಲು ಒಂದೇ ಕೈ ಸಾಲದೆ ಬ್ಯಾಗು ಕೆಳಗೆ ಜಾರಿತು. ಎಳೆಯ ಕಂಡಕ್ಟರು ಅದನ್ನೆತ್ತಿ ಅಜ್ಜಿಯ ಕೈಗೆ ದಾಟಿಸಿದ. ಹುಡುಗಿ ಬ್ಯಾಗಿನ ಹಿಂದೆಯೇ ಇಳಿದಳು.

ಅಜ್ಜಿ ಅಭ್ಯಾಸಬಲದಿಂದ ಎರಡು ಊದಿದಳು. ಬಸ್ಸು ಹೊರಟಿತು. ಅದುವರೆಗೆ ಹಗ್ಗ ಹಿಡಿದು ಬೊಂಬೆಗಳಂತೆ ನಿಂತಿದ್ದ ಮಕ್ಕಳೂ ಹೊರಟರು. ಅಜ್ಜಿ ಮತ್ತೆ ಒಂದು ಊದಿ ಮಕ್ಕಳನ್ನು ನಿಲ್ಲಿಸಿದರೆ, ಬಸ್ಸು ಇನ್ನೊಮ್ಮೆ ಗಕ್ಕನೆ ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈ ಮುಗಿದ. ಅಮ್ಮ, ಒಂದು ತೀರ್ಮಾನಕ್ಕೆ ಬನ್ನಿ ಎಂದ.

ಆಗಲೇ ಗಲಾಟೆ ಶುರುವಾಗಿತ್ತು. ಟೈಲರ್ ತಾತ ಕೆಂಡವಾಗಿದ್ದ. ಮಂಚದ ಜಾಗ ಅಂದರೆ ಏನು, ನಾನು ಒಂದು ಕೋಣೆಯನ್ನೇ ಮಾಡಿಲ್ಲವೇ, ಬಾತುಕೋಳಿ ಪರದೆ ಹೊಲಿದಿಲ್ಲವೇ, ನನ್ನ ಟೇಪಿನಲ್ಲೇ ಅಳತೆ ತೆಗೆದು ನನಗೇ ಟೋಪಿ ಹಾಕಿದಿರಾ ಎಂದು ಫುಟ್‌ಪಾತಿನಲ್ಲೇ ಜಗಳಕ್ಕೆ ನಿಂತ. ರೇಡಿಯೋಗೆ ಈಗ ಪೂರ್ತಿ ಸುದ್ದಿ ಸಿಕ್ಕಿತ್ತು. ಶಾಲೆ ಬಿಟ್ಟ ಮೇಲೆ ಅವಳು ಅದನ್ನು ಮೇಲಿನ ಮಹಡಿಗೆ ಮುಟ್ಟಿಸಿದಳು. ನರ್ಸಮ್ಮ ಕೈಗೆ ಹತ್ತಿದ್ದ ಸೋಪಿನ ನೊರೆಯನ್ನೂ ತೊಳೆಯದೆ ಕೆಳಗೆ ಓಡಿ ಬಂದು ಹುಡುಗಿಯ ಕೆನ್ನೆ ಹಿಡಿದುಕೊಂಡಳು. ನಿನ್ನ ಕಳಿಸ್ತೀವಿ ಅಂತ ಹೇಗೆ ತಾನೇ ಅಂದುಕೊಂಡೆ ಎಂದು ಬೈದಳು, ಅತ್ತಳು, ಬಾಲ್ಕನಿಯ ವಿಷಯ ಹೇಳಿದಳು. ಆಫೀಸಿನ ಮೇಡಂ ಮಾತ್ರ, ನೀವು ಮೂವರೂ ನನ್ನ ಬಾಯಿ ಹೊಲಿದಿದ್ದಿರಿ, ಇರುವ ಒಂದೇ ಮಂಚಕ್ಕೆ ಮೂವರು ಗಿರಾಕಿಗಳು, ನಾನೇನು ಮಾಡಲಿ ಎಂದು ಕೈ ಚೆಲ್ಲಿದರು.

ಸಂಜೆ ಹುಡುಗಿ ಒಂದು ಷರತ್ತು ಹಾಕಿದಳು. ಮೂರೂ ಮನೆ ನೋಡಿಯೇ ಹೇಳುವುದು. ಇಷ್ಟು ದಿನ ಅವಳನ್ನು ಮನೆಯವರು ನೋಡಿ ಒಪ್ಪುತ್ತಿದ್ದರು, ಇಂದು ಅವಳ ಸರದಿ. ಕೈ ಹಿಂದೆ ಕಟ್ಟಿಕೊಂಡು, ಮನೆ ಕೊಳ್ಳಲು ಬಂದ ದೊಡ್ಡ ಕುಳದ ಹಾಗೆ ಗಂಭೀರವಾಗಿ ನಡೆದಳು. ಬಾಲ್ಕನಿಯ ಗಾಜು ಒರೆಸಿ ನೋಡಿ, ಇಲ್ಲಿ ಹೊಸ ಮಗು ಓದಲಿ, ಬೆಳಕು ಚೆನ್ನಾಗಿದೆ ಎಂದಳು. ನಾನು ಊಟಕ್ಕೆ ಇಲ್ಲಿಗೇ ಬರುತ್ತೇನೆ, ನನ್ನ ತಟ್ಟೆ ಯಾರಿಗೂ ಕೊಡಬಾರದು ಎಂದಳು. ನರ್ಸಮ್ಮ ತಲೆಯಾಡಿಸಿದಳು, ಅವಳ ಗಂಡ ಆ ತಟ್ಟೆಯನ್ನು ಆಗಲೇ ಎತ್ತಿ ಬೇರೆ ಇಟ್ಟ. ತಾತನ ಪರದೆಯನ್ನು ಮುಟ್ಟಿ, ಬಾತುಕೋಳಿ ಬೇಕು, ಕೋಣೆ ಬೇಡ, ನಿಮ್ಮ ಗೊರಕೆ ಗೋಡೆಯಾಚೆಗೂ ಕೇಳುತ್ತದಂತೆ ಎಂದಳು. ಗೋಡೆಯಾಚೆ ಇರುವವಳೇ ಕಂಡಕ್ಟರಜ್ಜಿ ಎಂದು ತಾತನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ, ಹಾಗಾದರೆ ಅಲ್ಲೂ ಕೇಳುತ್ತದೆ, ಅನುಭವಿಸು ಎಂದು ಶಾಪ ಹಾಕಿ, ಪರದೆ ಮಡಚಿ ಅವಳ ಹೆಗಲಿಗೆ ಹಾಕಿದ.

ಅಜ್ಜಿಯ ಮನೆಯಲ್ಲಿ ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಂಚಕ್ಕೆ ಜಾಗ ಮಾಡುವುದಕ್ಕೆಂದು ಹಸಿರು ಸೀಟನ್ನು ಕಿಟಕಿಗೆ ಅಂಟಿಸಿ ಇಟ್ಟಿದ್ದಳು. ಹುಡುಗಿ ಬಾಗಿಲಿಗೆ ಬಂದು, ಹಳೆಯ ರೂಢಿಯಂತೆ ಚೌಕಟ್ಟಿಗೆ ಒರಗಿದಳು. ಆಮೇಲೆ ಏನೋ ನೆನಪಾದವಳಂತೆ ಹೊರಗಿದ್ದ ಕಾಲನ್ನೂ ಒಳಗಿಟ್ಟು, ಸೀಟಿನ ಹತ್ತಿರ ಬಂದಳು. ಅಜ್ಜಿ ಸರಿದು ಒಳಗೆ ದಾರಿ ಬಿಟ್ಟಳು.

“ಕಿಟಕಿ ಪಕ್ಕ ನಿಮ್ಮ ಜಾಗ ಅಲ್ವಾ ಅಜ್ಜಿ?”

“ಒಳಗೆ ಸರ್ಕೊಳ್ಳಮ್ಮ. ದಾರಿಗೆ ಅಡ್ಡ ನಿಂತ್ರೆ ನಾನು ಕೂರೋದೆಲ್ಲಿ?”

ಹುಡುಗಿ ಒಳಗೆ ಸರಿದು ಕೂತಳು. ಅಜ್ಜಿ ಪಕ್ಕದಲ್ಲಿ ಕೂತು, ಮೊಣಕಾಲು ನೀವಿಕೊಂಡಳು. ಹೊರಗೆ ಅಂಗಳದಲ್ಲಿ ಮಕ್ಕಳು ಹಗ್ಗ ಹಿಡಿದು ತಾವೇ ಬಸ್ಸಾಟ ಆಡುತ್ತಿದ್ದರು.

“ಟಿಕೆಟ್ ಎಲ್ಲಿಗೆ?” ಎಂದಳು ಅಜ್ಜಿ, ಅಂಗಳ ನೋಡುತ್ತಲೇ.

“ಕೊನೇ ಸ್ಟಾಪಿಗೆ ಕೊಡಿ.”

ಕಿಟಕಿಯ ಕೆಳಗೆ ರೇಡಿಯೋ ಮುಖ ಎತ್ತಿ ನಿಂತಿದ್ದಳು. ಅಕ್ಕ ಕೂತಳು, ಅಕ್ಕ ಕೂತಳು ಎಂದು ಸಾರುತ್ತ ಅವಳು ಮಹಡಿ ಮೆಟ್ಟಿಲು ಹತ್ತುವ ಸದ್ದು ಆ ಇಬ್ಬರಿಗೂ ಕೇಳಿಸಿತು.